ಹಬ್ಬದ ಊಟದ ಮರುದಿನ: ಮಿತಾಹಾರಕ್ಕೆ ಮರಳುವ ಕ್ರಮ

॥ ಶ್ರೀ ಗುರುಭ್ಯೋ ನಮಃ । ಹರಿಃ ಓಂ ॥



ಶ್ರಾವಣ ಮಾಸವು ಬಂದಿತೆಂದರೆ ನಮ್ಮ ಮನೆಗಳಲ್ಲಿ ಹಬ್ಬಗಳ ಸಾಲು ಆರಂಭವಾಗುತ್ತದೆ. ನಾಗರಪಂಚಮಿ, ವರಮಹಾಲಕ್ಷ್ಮೀ ವ್ರತ, ಶ್ರಾವಣ ಬಹುಳ ಪ್ರತಿಪದೆಯಿಂದ ತದಿಗೆಯವರೆಗೆ ಶ್ರೀರಾಘವೇಂದ್ರಸ್ವಾಮಿಗಳವರ ಆರಾಧನೆ, ಅನಂತರ ಶ್ರೀಕೃಷ್ಣಜಯಂತಿ, ಗೌರೀ ಗಣೇಶ, ಅನಂತ ಚತುರ್ದಶಿ, ನವರಾತ್ರಿ, ದೀಪಾವಳಿ ಎಂದು ಕಾರ್ತಿಕದವರೆಗೂ ಒಂದರ ಹಿಂದೆ ಒಂದು ಪರ್ವಗಳು ಬರುತ್ತವೆ. ಪ್ರತಿಯೊಂದಕ್ಕೂ ದೇವರಿಗೆ ನೈವೇದ್ಯ, ನಮಗೆ ಪ್ರಸಾದ. ಹೋಳಿಗೆ, ಪಾಯಸ, ಚಿತ್ರಾನ್ನ, ಅಂಬೊಡೆ, ಚಕ್ಕುಲಿ, ಉಂಡೆ ಇವುಗಳಿಲ್ಲದ ಹಬ್ಬವುಂಟೆ? ಪ್ರಸಾದವೆಂಬ ಭಾವನೆಯಿಂದ ಸಂತೋಷಪಟ್ಟು ಉಣ್ಣುವುದರಲ್ಲಿ ಯಾವ ದೋಷವೂ ಇಲ್ಲ.

ಆದರೆ ಪಂಕ್ತಿಯಲ್ಲಿ ಕುಳಿತಾಗ ಅಳತೆ ಮೀರುವುದು ನಮ್ಮಲ್ಲಿ ಬಹುಜನರ ಅನುಭವ. ಮೀರಿದ ಮೇಲೆ ಮಾಡುವುದೇನು? ಈ ಪ್ರಶ್ನೆಗೆ ಎರಡು ತಪ್ಪು ಉತ್ತರಗಳು ರೂಢಿಯಲ್ಲಿವೆ. "ಹೇಗೂ ಪಥ್ಯ ಕೆಟ್ಟಿತು, ದೀಪಾವಳಿ ಮುಗಿಯಲಿ, ಆಮೇಲೆ ನೋಡೋಣ" ಎಂದು ಪೂರ್ತಿಯಾಗಿ ಕೈಬಿಡುವುದು ಒಂದು. "ಮೂರು ದಿನ ಉಂಡದ್ದನ್ನು ಮೂರು ದಿನ ಉಪವಾಸವಿದ್ದು ತೀರಿಸುತ್ತೇನೆ" ಎಂದು ದೇಹವನ್ನು ದಂಡಿಸುವುದು ಇನ್ನೊಂದು. ಇವೆರಡನ್ನೂ ಬಿಟ್ಟು, ಮುಂದಿನ ಊಟದಿಂದಲೇ ಎಂದಿನ ಮಿತಕ್ಕೆ ಹಿಂದಿರುಗುವುದು ಸರಿಯಾದ ಮಾರ್ಗ. ಇದು ಹೇಗೆಂಬುದನ್ನು ವಿಚಾರ ಮಾಡುವುದೇ ಈ ಪಾಠದ ಉದ್ದೇಶ.

ಒಂದು ಮನೆಯ ಅನುಭವ

ಇದನ್ನು ಬರೆಯಲು ಕಾರಣವಾದ ಒಂದು ಪ್ರಸಂಗವನ್ನು ಮೊದಲು ಹೇಳುವೆನು. ನನ್ನ ಸೋದರಮಾವಂದಿರು ಆಚಾರವಂತರು. ಅರವತ್ತೆಂಟರ ವಯಸ್ಸು. ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ; ಬೆಳಿಗ್ಗೆ ಸಂಜೆ ಮಾತ್ರೆ. ಒಂದು ವರ್ಷ ರಾಯರ ಆರಾಧನೆಯ ಮೂರು ದಿನಗಳೂ ಮಠದಲ್ಲಿ ಸೇವೆ ಮಾಡಿ, ಮೂರು ದಿನಗಳೂ ಹಸ್ತೋದಕದ ಪಂಕ್ತಿಯಲ್ಲಿ ಕುಳಿತು ಬಲವಾಗಿ ಊಟ ಮಾಡಿದರು. ಚೌತಿಯ ಬೆಳಿಗ್ಗೆ ರಕ್ತ ಪರೀಕ್ಷೆಯ ಯಂತ್ರದಲ್ಲಿ ಅಂಕಿಯನ್ನು ನೋಡಿ ಬಹಳ ಖಿನ್ನರಾದರು. "ಮೂರು ದಿನ ಉಂಡದ್ದೇ ಇನ್ನೂ ಹೊಟ್ಟೆಯೊಳಗಿದೆ, ಇವತ್ತು ಏನೂ ಬೇಡ" ಎಂದು ಅತ್ತೆಯವರಿಗೆ ಹೇಳಿ, ಮಾತ್ರೆಯನ್ನು ಮಾತ್ರ ನುಂಗಿ, ಪಾರಾಯಣಕ್ಕೆ ಕುಳಿತರು.

ಮಧ್ಯಾಹ್ನ ಎರಡರ ವೇಳೆಗೆ ಅವರ ಕೈ ನಡುಗತೊಡಗಿತು. ಮೈಯೆಲ್ಲ ಬೆವರು. ಓದುತ್ತಿದ್ದ ಶ್ಲೋಕವನ್ನೇ ಮತ್ತೆ ಮತ್ತೆ ಓದುತ್ತಿದ್ದರು. ಆಯಾಸವಿರಬೇಕೆಂದು ನಾವೆಲ್ಲ ಭಾವಿಸಿದೆವು. ಅವರ ಮಗಳು ಮಾತ್ರ ವಿಷಯವನ್ನು ಗ್ರಹಿಸಿ, ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿದಳು. ಕಾಲು ಗಂಟೆಯಲ್ಲಿ ಅವರು ಚೇತರಿಸಿಕೊಂಡರು. ಅಂದು ಸಂಜೆ ವೈದ್ಯರು ಹೇಳಿದ ಮಾತು ಇಷ್ಟೇ: "ಆರಾಧನೆಯ ಊಟ ನಿಮ್ಮನ್ನು ಇಷ್ಟು ಅಪಾಯಕ್ಕೆ ಒಯ್ಯಲಿಲ್ಲ. ಇವತ್ತು ಉಣ್ಣದೆ ಮಾತ್ರೆ ತೆಗೆದುಕೊಂಡದ್ದು ಒಯ್ದಿತು."

ಇದು ಒಂದು ಮನೆಯ ಕಥೆ ಮಾತ್ರವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರು ಮಧುಮೇಹಿಗಳು. ನಮ್ಮ ಪಂಕ್ತಿಗಳಲ್ಲಿಯೂ ಅಂಥವರು ಅನೇಕರು ಕುಳಿತಿರುತ್ತಾರೆ. ಆದ್ದರಿಂದ ಹಬ್ಬದ ಮರುದಿನದ ಕ್ರಮವನ್ನು ಪ್ರತಿಯೊಂದು ಮನೆಯೂ ತಿಳಿದಿರುವುದು ಅವಶ್ಯಕ.

ದೇಹದಲ್ಲಿ ಆಗುವುದೇನು?

ಹಬ್ಬದ ಮರುದಿನ ತೂಕದ ಯಂತ್ರದ ಮೇಲೆ ನಿಂತು ಒಂದೂವರೆ ಕಿಲೋ ಹೆಚ್ಚಾಗಿದೆಯೆಂದು ಗಾಬರಿಯಾಗುವವರುಂಟು. ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಒಂದು ಕಿಲೋ ಕೊಬ್ಬು ದೇಹದಲ್ಲಿ ಸೇರಬೇಕಾದರೆ ನಿತ್ಯದ ಅಗತ್ಯಕ್ಕಿಂತ ಸುಮಾರು 7,700 ಕ್ಯಾಲೊರಿಗಳಷ್ಟು ಹೆಚ್ಚಿಗೆ ಉಣ್ಣಬೇಕು. ಒಬ್ಬನು ಹಬ್ಬದ ದಿನ 1,500 ಕ್ಯಾಲೊರಿಗಳಷ್ಟು ಅಧಿಕವಾಗಿ ಉಂಡನೆಂದೇ ಇಟ್ಟುಕೊಂಡರೂ ಸೇರಬಹುದಾದ ಕೊಬ್ಬು 200 ಗ್ರಾಂ ಮೀರದು. ಉಳಿದ ತೂಕವು ಎಲ್ಲಿಂದ ಬಂದಿತು? ಇನ್ನೂ ಜೀರ್ಣವಾಗುತ್ತಿರುವ ಅನ್ನ, ಉಪ್ಪಿನಕಾಯಿ ಹಪ್ಪಳ ಸಂಡಿಗೆಗಳ ಉಪ್ಪು ಹಿಡಿದಿಟ್ಟುಕೊಂಡ ನೀರು, ಹಿಟ್ಟು ಸಿಹಿಗಳು ಯಕೃತ್ತಿನಲ್ಲಿಯೂ ಮಾಂಸಖಂಡಗಳಲ್ಲಿಯೂ ಸಂಗ್ರಹವಾಗುವಾಗ ಜೊತೆಗೆ ಸೇರಿಸಿಕೊಳ್ಳುವ ನೀರು ಇವುಗಳಿಂದ. ಎಂದಿನ ಊಟಕ್ಕೆ ಮರಳಿದರೆ ಈ ಭಾರವು ಕೆಲವು ದಿನಗಳಲ್ಲಿ ತಾನಾಗಿ ಇಳಿಯುತ್ತದೆ.

ಇದರಿಂದ ಎರಡು ಸಂಗತಿಗಳು ತಿಳಿಯುತ್ತವೆ. ಒಂದು ದಿನದ ಅತಿಭೋಜನವು ಆರೋಗ್ಯವಂತನನ್ನು ಕೆಡಿಸಲಾರದು. ಆದ್ದರಿಂದ ನಿರಾಶೆ ಸಲ್ಲದು. ಆದರೆ ಒಂದು ದಿನವೆಂಬುದು ಒಂದು ವಾರವಾಗಿ, ವಾರವು ಶ್ರಾವಣದಿಂದ ಕಾರ್ತಿಕದವರೆಗೆ ಬೆಳೆದರೆ ಆ 200 ಗ್ರಾಂಗಳೇ ಕಿಲೋಗಳಾಗುತ್ತವೆ. ಆದ್ದರಿಂದ ಉದಾಸೀನವೂ ಸಲ್ಲದು.

ಇನ್ನು ದಂಡನೆಯ ಉಪವಾಸವೇಕೆ ಫಲಿಸುವುದಿಲ್ಲ? ಬೆಳಿಗ್ಗೆಯೂ ಮಧ್ಯಾಹ್ನವೂ ಬರಿದಾದ ಹೊಟ್ಟೆಯು ಸಂಜೆಗೆ ಉರಿಯತೊಡಗುತ್ತದೆ. ಆ ಹೊತ್ತಿಗೆ ಅಟ್ಟದ ಮೇಲಿನ ಚಕ್ಕುಲಿಯ ಡಬ್ಬಿ ನೆನಪಾಗುತ್ತದೆ. ಎರಡು ಚಕ್ಕುಲಿಯೆಂದು ಆರಂಭವಾದದ್ದು ಡಬ್ಬಿಯ ತಳಕ್ಕೆ ಮುಟ್ಟುತ್ತದೆ. ಮರುದಿನ ಪುನಃ ಪಶ್ಚಾತ್ತಾಪ, ಪುನಃ ಉಪವಾಸ, ಪುನಃ ಡಬ್ಬಿ. ಈ ಚಕ್ರದಲ್ಲಿ ಸಿಕ್ಕವರು ದುರ್ಬಲ ಮನಸ್ಸಿನವರೆಂದು ತಿಳಿಯಬಾರದು. ಅತಿಯಾಗಿ ಹಸಿದ ದೇಹವು ತನ್ನ ಧರ್ಮವನ್ನು ತಾನು ಮಾಡುತ್ತದೆ, ಅಷ್ಟೆ.

ಶಾಸ್ತ್ರಗಳ ಅಭಿಪ್ರಾಯ

ಭಗವದ್ಗೀತೆಯ ಆರನೆಯ ಅಧ್ಯಾಯದಲ್ಲಿ ಭಗವಂತನು ಅತಿಯಾಗಿ ಉಣ್ಣುವವನಿಗೂ ಯೋಗವಿಲ್ಲ, ಏನನ್ನೂ ಉಣ್ಣದವನಿಗೂ ಯೋಗವಿಲ್ಲವೆಂದು ಒಂದೇ ಉಸಿರಿನಲ್ಲಿ ಹೇಳಿದ್ದಾನೆ. ನಾವು ಮೊದಲಿನ ಅರ್ಧವನ್ನು ಮಾತ್ರ ನೆನಪಿಡುತ್ತೇವೆ. ಎರಡನೆಯ ಅರ್ಧವೂ ಅಷ್ಟೇ ಮುಖ್ಯ. ಹದಿನೈದನೆಯ ಅಧ್ಯಾಯದಲ್ಲಿ, ತಾನೇ ವೈಶ್ವಾನರನಾಗಿ ಪ್ರಾಣಿಗಳ ದೇಹದಲ್ಲಿದ್ದು ನಾಲ್ಕು ಬಗೆಯ ಅನ್ನವನ್ನು ಪಚನ ಮಾಡುವೆನೆಂದು ಹೇಳಿದ್ದಾನೆ. ಊಟಕ್ಕೆ ಮೊದಲು ಪರಿಷೇಚನೆ ಮಾಡಿ, ಚಿತ್ರಾಹುತಿಗಳನ್ನಿಟ್ಟು, ಪ್ರಾಣಾಹುತಿಗಳನ್ನು ಕೊಡುವ ನಾವು ಉಣ್ಣುವುದನ್ನು ಹೋಮವೆಂದೇ ಭಾವಿಸುತ್ತೇವೆ. ಹೋಮಕುಂಡದಲ್ಲಿ ಹಸಿ ಸೌದೆಯನ್ನು ಒಟ್ಟಿದರೆ ಅಗ್ನಿಯು ಹೊಗೆಯಾಡುತ್ತದೆ. ಸಮಿತ್ತನ್ನೇ ಹಾಕದಿದ್ದರೆ ಆರಿಹೋಗುತ್ತದೆ. ಜಠರಾಗ್ನಿಗೂ ಇದೇ ನ್ಯಾಯ.

ವಾಗ್ಭಟನು ಅಷ್ಟಾಂಗಹೃದಯದಲ್ಲಿ ಆಹಾರದ ಅಳತೆಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಹೊಟ್ಟೆಯನ್ನು ನಾಲ್ಕು ಭಾಗಗಳಾಗಿ ಎಣಿಸಿ, ಎರಡು ಭಾಗ ಅನ್ನಕ್ಕೆ, ಒಂದು ಭಾಗ ದ್ರವಕ್ಕೆ, ಉಳಿದ ಒಂದು ಭಾಗವನ್ನು ವಾಯುವಿಗೆ ಬಿಡಬೇಕೆಂಬುದು ಅವನ ಮತ. ಗುರುವಾದ, ಎಂದರೆ ಜಡವಾದ ಪದಾರ್ಥಗಳನ್ನು ಅರ್ಧ ತೃಪ್ತಿಯಾಗುವಷ್ಟು ಮಾತ್ರ, ಹಗುರವಾದವನ್ನು ಅತಿತೃಪ್ತಿಯಾಗದಷ್ಟು ಸೇವಿಸಬೇಕೆಂದೂ ಅಲ್ಲಿ ಹೇಳಿದೆ. ಹೋಳಿಗೆ ತುಪ್ಪಗಳು ಗುರುವಾದವು. ಐದು ಗ್ರಾಮಿನ ಒಂದು ಚಮಚ ತುಪ್ಪದಲ್ಲಿ ಸುಮಾರು 45 ಕ್ಯಾಲೊರಿಗಳಿವೆಯೆಂಬ ಇಂದಿನ ಲೆಕ್ಕವೂ ಆ ಮಾತನ್ನೇ ಪುಷ್ಟೀಕರಿಸುತ್ತದೆ.

ಭೀಮಸೇನದೇವರ ಭೋಜನವನ್ನು ನೆನಪಿಸಿ, "ನಾವು ವಾಯುದೇವರ ಭಕ್ತರಲ್ಲವೆ?" ಎಂದು ಇನ್ನೊಂದು ಹೋಳಿಗೆಯನ್ನು ಹಾಕಿಸಿಕೊಳ್ಳುವ ವಿನೋದವೂ ನಮ್ಮ ಪಂಕ್ತಿಗಳಲ್ಲುಂಟು. ಅವರ ಗದೆಯನ್ನು ಎತ್ತಲಾರದವರು ಅವರ ಎಲೆಗೆ ಮಾತ್ರ ವಾರಸುದಾರರಾಗುವುದು ಯುಕ್ತವೆ ಎಂಬುದನ್ನು ಅವರವರೇ ವಿಚಾರಿಸಿಕೊಳ್ಳಬಹುದು.

ಏಕಾದಶಿಯು ಅತಿಭೋಜನಕ್ಕೆ ಪ್ರಾಯಶ್ಚಿತ್ತವಲ್ಲ

ಇಲ್ಲಿ ಒಂದು ಮುಖ್ಯವಾದ ವಿವೇಚನೆ. "ಏಕಾದಶಿ ಬರುತ್ತದೆ, ಎಲ್ಲವೂ ಸರಿಹೋಗುತ್ತದೆ" ಎಂಬ ಮಾತು ನಮ್ಮಲ್ಲಿ ಸಾಮಾನ್ಯ. ಉಪವಾಸವೆಂದರೆ ಸಮೀಪದಲ್ಲಿ ವಾಸ, ಭಗವಂತನ ಸನ್ನಿಧಿಯಲ್ಲಿರುವುದು. ಶ್ರೀಮದಾಚಾರ್ಯರು ಕೃಷ್ಣಾಮೃತಮಹಾರ್ಣವದಲ್ಲಿ ಏಕಾದಶಿಯ ಮಹಿಮೆಯನ್ನು ವಿಸ್ತಾರವಾಗಿ ಸಂಗ್ರಹಿಸಿದ್ದು ಹರಿಪ್ರೀತಿಗಾಗಿ. ತೂಕವನ್ನು ಇಳಿಸುವುದಕ್ಕಾಗಿ ಅಲ್ಲ. ಹೋಳಿಗೆಯ ಸಾಲವನ್ನು ತೀರಿಸಲು ಹರಿದಿನವನ್ನು ಉಪಯೋಗಿಸುವುದು ವ್ರತವನ್ನು ಕೆಳಗಿಳಿಸಿದಂತೆ.

ಆದರೂ ಏಕಾದಶೀ ವ್ರತದ ವಿಧಾನದಲ್ಲಿಯೇ ನಮಗೆ ಬೇಕಾದ ಪಾಠವಿದೆ. ದಶಮಿಯ ರಾತ್ರಿ ಊಟವಿಲ್ಲ, ಏಕಾದಶಿಯಂದು ಎರಡು ಹೊತ್ತೂ ಇಲ್ಲ, ದ್ವಾದಶಿಯ ರಾತ್ರಿಯೂ ಇಲ್ಲ. ಉಪವಾಸದೊಳಗೆ ಪ್ರವೇಶವೂ ಮೆಲ್ಲಗೆ, ಹೊರಗೆ ಬರುವುದೂ ಮೆಲ್ಲಗೆ. ದ್ವಾದಶಿಯ ಬೆಳಿಗ್ಗೆ ಪಾರಣೆಗೆ ಅಗಸೆ ಸೊಪ್ಪು, ನೆಲ್ಲಿಕಾಯಿ, ಹೆಸರುಬೇಳೆಯ ತೊವ್ವೆ, ಮೃದುವಾದ ಅನ್ನ. ಹಸಿದ ಹೊಟ್ಟೆಗೆ ಹೋಳಿಗೆಯನ್ನು ನಮ್ಮ ಹಿರಿಯರು ವಿಧಿಸಲಿಲ್ಲ. ಅಳತೆ ತಪ್ಪಿದ ಜಠರಾಗ್ನಿಯನ್ನು ದಾರಿಗೆ ತರುವ ಕ್ರಮವು ಈ ಪಾರಣೆಯ ಎಲೆಯಲ್ಲಿಯೇ ಇದೆ.

ಚಾತುರ್ಮಾಸ್ಯವೂ ಇದನ್ನೇ ಕಲಿಸುತ್ತದೆ. ಮೊದಲನೆಯ ತಿಂಗಳು ಶಾಕ, ಎರಡನೆಯದು ಮೊಸರು, ಮೂರನೆಯದು ಹಾಲು, ನಾಲ್ಕನೆಯದು ದ್ವಿದಳ ಧಾನ್ಯ, ಹೀಗೆ ಒಂದೊಂದು ತಿಂಗಳಿಗೆ ಒಂದೊಂದು ವರ್ಗವನ್ನು ಬಿಡುತ್ತೇವೆ. ಎಲ್ಲವನ್ನೂ ಒಮ್ಮೆಗೇ ಬಿಡುವುದಿಲ್ಲ, ಊಟವನ್ನಂತೂ ಬಿಡುವುದಿಲ್ಲ. ನಾಲ್ಕು ತಿಂಗಳು ನಡೆಯಬಲ್ಲ ಸಂಯಮವು ಒಂದು ದಿನದ ಉಗ್ರನಿಗ್ರಹಕ್ಕಿಂತ ಶ್ರೇಷ್ಠ.

ಮರುದಿನದ ಕ್ರಮ

ಹಾಗಾದರೆ ಹಬ್ಬದ ಮರುದಿನ ಮಾಡತಕ್ಕದ್ದೇನು? ಆರೋಗ್ಯವಂತರಿಗೆ ಈ ಕ್ರಮವು ಸಾಕಾಗುತ್ತದೆ.

ಬೆಳಿಗ್ಗೆ ಎದ್ದು ನೀರನ್ನು ಕುಡಿಯುವುದು. ಹೊಟ್ಟೆ ಭಾರವಾಗಿದ್ದರೆ ಹಸಿವು ತೋರುವವರೆಗೆ ಕಾಯಬಹುದು. ಶುದ್ಧವಾದ ತೇಗು, ಮೈ ಹಗುರವಾಗುವುದು, ಹಸಿವು ನೀರಡಿಕೆಗಳು ಇವು ಹಿಂದಿನ ಅನ್ನವು ಜೀರ್ಣವಾದುದರ ಲಕ್ಷಣಗಳೆಂದು ಆಯುರ್ವೇದವು ಹೇಳುತ್ತದೆ. ಹಸಿವಿಗಾಗಿ ಕಾಯುವುದು ಬೇರೆ, ಹಸಿದರೂ ಉಣ್ಣದಿರುವುದು ಬೇರೆ. ಹಸಿವಾದ ಕೂಡಲೆ ತೆಳುವಾದ ಗಂಜಿಯನ್ನೋ ಒಂದು ಹಣ್ಣನ್ನೋ ತೆಗೆದುಕೊಳ್ಳತಕ್ಕದ್ದು.

ಮಧ್ಯಾಹ್ನ ಎಂದಿನ ವೇಳೆಗೆ, ಎಂದಿನ ಸ್ಥಳದಲ್ಲಿ, ಎಂದಿನ ಊಟ. ಅನ್ನವು ನಿತ್ಯಕ್ಕಿಂತ ಒಂದು ಹಿಡಿ ಕಡಿಮೆ. ತೊವ್ವೆ ಅಥವಾ ತಿಳಿಸಾರು. ಪಡವಲ, ಹೀರೆ, ಬೂದುಗುಂಬಳ ಇಂಥ ನೀರು ಹೆಚ್ಚಿರುವ ತರಕಾರಿಯ ಪಲ್ಯ, ಸೌತೆಯ ಕೋಸಂಬರಿ, ಕೊನೆಗೆ ಮಜ್ಜಿಗೆ. ಚಾತುರ್ಮಾಸ್ಯದಲ್ಲಿ ಆಯಾ ತಿಂಗಳ ವ್ರತಕ್ಕೆ ತಕ್ಕಂತೆ ಇವುಗಳಲ್ಲಿ ಬೇಕಾದುದನ್ನು ಬಿಟ್ಟು ಬೇಕಾದುದನ್ನು ಇಟ್ಟುಕೊಳ್ಳಬಹುದು. ಉಪ್ಪಿನಕಾಯಿ ಹಪ್ಪಳಗಳು ಅಂದು ಬೇಡ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯು 2024ರಲ್ಲಿ ಹೊರಡಿಸಿದ ಮಾರ್ಗದರ್ಶನದಂತೆ ದಿನಕ್ಕೆ ಒಬ್ಬರಿಗೆ ಉಪ್ಪು 5 ಗ್ರಾಂ ಮೀರಬಾರದು, ಎಂದರೆ ಒಂದು ಚಿಕ್ಕ ಚಮಚದಷ್ಟು. ಹಬ್ಬದ ದಿನ ನಾವು ಅದನ್ನು ಸುಲಭವಾಗಿ ಮೀರುತ್ತೇವೆ.

ಊಟವಾದ ಮೇಲೆ ಮಲಗದೆ ಹತ್ತು ಹದಿನೈದು ನಿಮಿಷ ಮೆಲ್ಲಗೆ ಅಡ್ಡಾಡುವುದು. ಇದರಿಂದ ರಕ್ತದ ಸಕ್ಕರೆಯು ಏರುವುದು ಕಡಿಮೆಯಾಗುತ್ತದೆ. ಸಂಜೆ ದೇವಸ್ಥಾನಕ್ಕೆ ನಡೆದು ಹೋಗಿ ಪ್ರದಕ್ಷಿಣೆ ಮಾಡಿ ಬಂದರೆ ಎರಡು ಫಲಗಳೂ ಲಭಿಸುತ್ತವೆ. ರಾತ್ರಿ ಹೊತ್ತಿಗೆ ಮುಂಚೆ ಲಘುವಾದ ಫಲಾಹಾರ, ಸಕಾಲದಲ್ಲಿ ನಿದ್ರೆ. ನಿದ್ರೆ ಕೆಟ್ಟವನಿಗೆ ಮರುದಿನ ಸಿಹಿಯ ಮೇಲೆ ಆಸೆ ಹೆಚ್ಚುವುದು ಅನುಭವಸಿದ್ಧ.

ಉಳಿದ ತಿಂಡಿಗಳ ವಿಷಯ. ಇದು ಗೃಹಿಣಿಯರ ಕೈಯಲ್ಲಿದೆ. ಹಬ್ಬದ ಸಂಜೆಯೇ ನೆರೆಹೊರೆಯವರಿಗೆ, ಮನೆಗೆಲಸಕ್ಕೆ ಬರುವವರಿಗೆ, ಬಂಧುಗಳಿಗೆ ಹಂಚಿಬಿಡುವುದು ಉತ್ತಮ. ಉಳಿಸಿಕೊಂಡದ್ದನ್ನು ಊಟದ ಎಲೆಯಲ್ಲಿಯೇ ಒಂದೊಂದಾಗಿ ಬಡಿಸಬೇಕು. ಉತ್ತರಾಪೋಶನವಾದ ಮೇಲೆ ಊಟ ಮುಗಿಯಿತೆಂದು ನಮ್ಮ ಸಂಪ್ರದಾಯವು ಗೆರೆ ಎಳೆದಿದೆ. ಆ ಗೆರೆಯನ್ನು ದಾಟಿ ಡಬ್ಬಿಯ ಬಳಿ ನಿಂತು ತಿನ್ನುವ ತಿಂಡಿಗೆ ಲೆಕ್ಕವೇ ಸಿಕ್ಕುವುದಿಲ್ಲ.

ಬಡಿಸುವವರಿಗೆ ಒಂದು ವಿನಂತಿ

ಪಂಕ್ತಿಯಲ್ಲಿ ಎಲೆಯ ಮೇಲೆ ಬಿದ್ದ ಅನ್ನವನ್ನು ಬಿಡಬಾರದೆಂಬ ನಿಯಮವು ಅನ್ನದ ಗೌರವಕ್ಕಾಗಿ ಇದೆ. ಬೇಡವೆಂದು ಕೈ ಅಡ್ಡ ಹಿಡಿದರೂ "ಒಂದೇ ಒಂದು, ರಾಯರ ಪ್ರಸಾದ" ಎಂದು ಹಾಕಿಬಿಟ್ಟರೆ, ಉಣ್ಣುವವನು ಬಿಡಲೂ ಆರನು, ಉಣ್ಣಲೂ ಆರನು. ಉಪಚಾರವು ಹಿಂಸೆಯಾಗಬಾರದು. ಕೇಳಿ ಬಡಿಸುವುದು, ಬೇಡವೆಂದಲ್ಲಿ ಮುಂದೆ ಸಾಗುವುದು ಬಡಿಸುವವರ ಧರ್ಮ. ಪ್ರಸಾದದ ಮಹತ್ತ್ವವು ಅದರ ಗಾತ್ರದಲ್ಲಿಲ್ಲ. ತೀರ್ಥವನ್ನು ನಾವು ಒಂದು ಉದ್ಧರಣೆಯಷ್ಟೇ ಸ್ವೀಕರಿಸುತ್ತೇವಲ್ಲವೆ?

ಎಚ್ಚರಿಕೆಯ ಮಾತುಗಳು

ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟವನ್ನು ಬಿಡಬಾರದು, ಮಾತ್ರೆಯನ್ನು ಹೆಚ್ಚಿಸಲೂ ಬಾರದು. ನಡುಕ, ಬೆವರು, ಎದೆಬಡಿತ, ಮಾತು ತೊದಲುವುದು, ಗಲಿಬಿಲಿ ಇವು ಸಕ್ಕರೆ ಇಳಿದುದರ ಲಕ್ಷಣಗಳು. ರಕ್ತದ ಸಕ್ಕರೆಯು 70ಕ್ಕಿಂತ ಕೆಳಗಿದ್ದರೆ, ಪ್ರಜ್ಞೆಯಿದ್ದು ನುಂಗಬಲ್ಲವರಿಗೆ 15 ಗ್ರಾಂ ಸಕ್ಕರೆಯನ್ನು, ಎಂದರೆ ಮೂರು ಚಿಕ್ಕ ಚಮಚಗಳಷ್ಟನ್ನು, ನೀರಿನಲ್ಲಿ ಕದಡಿ ಕೊಟ್ಟು 15 ನಿಮಿಷಗಳ ಅನಂತರ ಮತ್ತೆ ಪರೀಕ್ಷಿಸಬೇಕು. ಇನ್ನೂ ಏರದಿದ್ದರೆ ಪುನಃ ಅಷ್ಟೇ ಕೊಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಕೂಡಲೆ ಆಸ್ಪತ್ರೆಗೆ ಒಯ್ಯತಕ್ಕದ್ದು.

ಇಂಥವರು ಏಕಾದಶಿಯನ್ನು ಹೇಗೆ ಆಚರಿಸಬೇಕೆಂಬುದನ್ನು ವೈದ್ಯರಲ್ಲಿಯೂ ಗುರುಗಳಲ್ಲಿಯೂ ಮೊದಲೇ ಕೇಳಿ ನಿಶ್ಚಯಿಸಿಕೊಳ್ಳುವುದು ಲೇಸು. ನೀರು, ಗೆಡ್ಡೆ, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣರ ಇಚ್ಛೆ, ಗುರುವಿನ ಮಾತು, ಔಷಧ ಎಂಬ ಎಂಟು ವ್ರತವನ್ನು ಕೆಡಿಸುವುದಿಲ್ಲವೆಂದು ಶಾಸ್ತ್ರವೇ ಅಶಕ್ತರಿಗೆ ದಾರಿಯನ್ನು ತೋರಿದೆ. ಗರ್ಭಿಣಿಯರು, ಮಕ್ಕಳು, ಮೂತ್ರಪಿಂಡದ ರೋಗವುಳ್ಳವರು ಅತಿಭೋಜನದ ಪರಿಹಾರಕ್ಕೆಂದು ಉಪವಾಸವಿರುವುದು ಸರ್ವಥಾ ಕೂಡದು.

ಹಬ್ಬದ ಊಟದ ಅನಂತರ ಎದೆಯಲ್ಲಿ ಬಿಗಿತ ಅಥವಾ ನೋವು, ಅದರೊಂದಿಗೆ ಬೆವರು, ಉಸಿರಾಟದ ತೊಂದರೆ, ಎಡಗೈಗೋ ದವಡೆಗೋ ಹರಡುವ ನೋವು ಇದ್ದರೆ ಅದನ್ನು ವಾಯುವೆಂದು ತಿಳಿದು ಕಷಾಯ ಕುಡಿಯುತ್ತ ಕೂರಬಾರದು. ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಹಬ್ಬವಿರಲಿ ಇಲ್ಲದಿರಲಿ, ಪದೇ ಪದೇ ಗುಟ್ಟಾಗಿ, ತಡೆಯಲಾರದೆ ಬಹಳ ತಿಂದು ಕೊರಗುವವರು ಮನೆಯಲ್ಲಿದ್ದರೆ ಅವರನ್ನು ಹಳಿಯಬಾರದು. ಅದೂ ಚಿಕಿತ್ಸೆಯುಳ್ಳ ಒಂದು ಕಾಯಿಲೆಯೇ.

ನೆನಪಿಡತಕ್ಕ ಮಾತುಗಳು

1. ತಪ್ಪಿದ ಅಳತೆಯನ್ನು ಮುಂದಿನ ಊಟದಲ್ಲಿಯೇ ಸರಿಪಡಿಸಿಕೊಳ್ಳುವುದು. ಮುಂದಿನ ಸೋಮವಾರಕ್ಕೆ ಇಡಬಾರದು.
2. ದಂಡನೆಗಾಗಿ ಊಟ ಬಿಡಬಾರದು. ಉಪವಾಸವು ಹರಿಗಾಗಿ.
3. ಮರುದಿನದ ಎಲೆಯು ಪಾರಣೆಯ ಎಲೆಯಂತೆ ಮೃದುವಾಗಿ, ಲಘುವಾಗಿ ಇರಲಿ.
4. ಜಡವಾದದ್ದು ಅರ್ಧ ತೃಪ್ತಿಗೆ. ಹೊಟ್ಟೆಯ ಕಾಲು ಭಾಗ ಬರಿದು.
5. ಉತ್ತರಾಪೋಶನದ ಮೇಲೆ ಡಬ್ಬಿಗೆ ಕೈ ಬೇಡ.
6. ತೂಕವನ್ನು ಹಬ್ಬದ ಮರುದಿನ ನೋಡದೆ ಒಂದು ವಾರದ ಮೇಲೆ ನೋಡುವುದು.
7. ಮಾತ್ರೆ ತೆಗೆದುಕೊಳ್ಳುವವರು ಊಟವನ್ನು ತಪ್ಪಿಸಬಾರದು.

ನಮ್ಮ ಮಾವಂದಿರು ಆ ವರ್ಷದ ಏಕಾದಶಿಗೆ ಮುಂಚೆ ವೈದ್ಯರನ್ನೂ ಮಠದ ಆಚಾರ್ಯರನ್ನೂ ಕೇಳಿಕೊಂಡು, ಮಾತ್ರೆಯ ವೇಳೆಯನ್ನು ಬದಲಿಸಿಕೊಂಡು, ಹಾಲು ಹಣ್ಣುಗಳಿಂದ ವ್ರತವನ್ನು ನಡೆಸಿದರು. ಈಗ ಅವರಿಗೆ ಎಪ್ಪತ್ತಾರು. ಈಗಲೂ ಆರಾಧನೆಯ ಮೂರು ದಿನಗಳು ಪಂಕ್ತಿಗೆ ಕೂರುತ್ತಾರೆ. ಒಂದು ಹೋಳಿಗೆಯನ್ನು ಸಾವಕಾಶವಾಗಿ ಉಂಡು, ಎರಡನೆಯದಕ್ಕೆ ಎಲೆಯ ಮೇಲೆ ಎರಡೂ ಕೈಗಳನ್ನು ಅಡ್ಡ ಹಿಡಿಯುತ್ತಾರೆ. ಚೌತಿಯ ದಿನ ಮಧ್ಯಾಹ್ನ ಹನ್ನೆರಡೂವರೆಗೆ ಸರಿಯಾಗಿ ಮನೆಯಲ್ಲಿ ತೊವ್ವೆ ಅನ್ನದ ಎಲೆಗೆ ಬಂದು ಕೂರುತ್ತಾರೆ.

ಅನ್ನವನ್ನು ಕೊಟ್ಟವನೂ, ಹಸಿವನ್ನು ಕೊಟ್ಟವನೂ, ಒಳಗಿದ್ದು ಪಚನ ಮಾಡುವವನೂ ಒಬ್ಬನೇ. ಅವನು ಕೊಟ್ಟ ದೇಹವನ್ನು ಅವನ ಸೇವೆಗೆ ಯೋಗ್ಯವಾಗಿ ಇಟ್ಟುಕೊಳ್ಳುವ ಬುದ್ಧಿಯನ್ನು ಅವನೇ ನಮಗೆಲ್ಲರಿಗೂ ಕರುಣಿಸಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥